ಆಟಗಾರನ ವರ್ಗಾವಣೆ

ವರ್ಗಾವಣೆ ಎಂಬ ಶಬ್ದದ ಅರ್ಥವನ್ನು ಹೊರನಾಡ ಕನ್ನಡಿಗರಿಗೆ ಬಿಡಿಸಿ ಹೇಳುವ ಕಾರಣವಿಲ್ಲ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಮನೆತನಗಳಲ್ಲಿ ಎಷ್ಟೋ ಮನೆತನಗಳು ಮುಂಬಯಿಯ ನೀರು ಕುಡಿಯುವಂತಾದುದು ಒಂದು ಹಾಳೆಯ ಆಜ್ಞೆಯಿಂದ. ರೈಲ್ವೆಯವರು, ಅಂಚೆಯವರು, ವಿಮೆಯವರು, ನಮ್ಮಂತಹ ಬ್ಯಾಂಕಿನ ಗುಮಾಸ್ತರು, ಎಲ್ಲರೂ ಒಂದಿಲ್ಲೊಂದು ಬೇಸಗೆಯಲ್ಲಿ ಆ ಹಾಳೆಯನ್ನು ಹಿಡಿದು ಮಕ್ಕಳ ಶಾಲೆ, ಮುದುಕರ ಔಷಧ, ಮನೆಯ ಬಾಡಿಗೆ ಇವುಗಳ ಲೆಕ್ಕ ಹಾಕಿದವರೇ. ಯಾರನ್ನು ಎಲ್ಲಿಗೆ ಹಾಕಿದರು, ಏಕೆ ಹಾಕಿದರು, ಯಾರು ಹೇಳಿಸಿ ತಪ್ಪಿಸಿಕೊಂಡರು ಎಂಬ ಚರ್ಚೆ ಮೇ ತಿಂಗಳಲ್ಲಿ ನಡೆಯದ ಕಚೇರಿ ಈ ದೇಶದಲ್ಲಿ ಇರಲಾರದು.

ಇದೇ ಶಬ್ದ ಈಚೆಗೆ ನಮ್ಮ ಊಟದ ವೇಳೆಯಲ್ಲಿ ಇನ್ನೊಂದು ಅರ್ಥದಲ್ಲಿಯೂ ಕಿವಿಗೆ ಬೀಳತೊಡಗಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಡಬ್ಬಿ ಬಿಚ್ಚುತ್ತಲೇ ಆರಂಭಿಸುವರು: ಇಂಗ್ಲೆಂಡಿನ ಯಾವ ಫುಟ್‌ಬಾಲ್ ಕ್ಲಬ್ಬು ಯಾವ ಆಟಗಾರನನ್ನು ಎಷ್ಟು ಕೋಟಿಗೆ ಕೊಂಡಿತು, ಕೊಂಡದ್ದು ದುಬಾರಿಯಾಯಿತೇ, ಬರುವ ಹಂಗಾಮಿಗೆ ಪಟ್ಟಿಯ ತಲೆಯಲ್ಲಿ ಯಾರು, ಬಾಲದಲ್ಲಿ ಯಾರು. ಒಬ್ಬನ ಊರು ಹುಬ್ಬಳ್ಳಿ, ಇನ್ನೊಬ್ಬನದು ಕುಂದಾಪುರ. ಲಿವರ್‌ಪೂಲ್ ಪಟ್ಟಣವನ್ನು ಇಬ್ಬರೂ ಕಂಡವರಲ್ಲ. ಆದರೂ ಅಲ್ಲಿಯ ಎಡಗಡೆಯ ರಕ್ಷಕನ ಮೊಣಕಾಲಿನ ಕ್ಷೇಮಸಮಾಚಾರವನ್ನು ಸ್ವಂತ ಸೋದರಮಾವನ ಮೊಣಕಾಲಿಗಿಂತ ಹೆಚ್ಚಾಗಿ ಬಲ್ಲರು. ಈ ವಾದಗಳನ್ನು ಕೇಳುತ್ತ ಕೇಳುತ್ತ ನಮ್ಮಂತಹ ಹಿರಿಯ ಗುಮಾಸ್ತರಲ್ಲಿ ಹುಟ್ಟಿದ ಪ್ರಶ್ನೆ ಮಾತ್ರ ಬೇರೆ. ಈ ಆಟಗಾರನನ್ನು ಮಾರುವಾಗ, ಕೊಳ್ಳುವಾಗ, ಆತನನ್ನು ಯಾರಾದರೂ ಕೇಳಿದರೇ? ಇತಿಹಾಸವನ್ನು ತೆಗೆದು ನೋಡಿದರೆ ಸಿಕ್ಕುವ ಉತ್ತರವಿಷ್ಟು: ಸುಮಾರು ಎಪ್ಪತ್ತು ವರ್ಷಗಳ ಕಾಲ ಯಾರೂ ಕೇಳಲಿಲ್ಲ.

ಇಂಗ್ಲೆಂಡಿನಲ್ಲಿ ಹಣಕ್ಕಾಗಿ ಫುಟ್‌ಬಾಲ್ ಆಡಬಹುದೆಂದು ಕಾನೂನುಬದ್ಧವಾಗಿ ಒಪ್ಪಿದುದು ೧೮೮೫ನೆಯ ಇಸವಿಯಲ್ಲಿ. ಅದಕ್ಕೆ ಮುಂಚೆ ಲ್ಯಾಂಕಾಶೈರಿನ ಗಿರಣಿ ಊರುಗಳಲ್ಲಿ ಸ್ಕಾಟ್ಲೆಂಡಿನ ಹುಡುಗರನ್ನು ಗಿರಣಿಯ ಕೆಲಸವೆಂದು ಕರೆಸಿ ಆಟವಾಡಿಸುವ ಗುಟ್ಟಿನ ವ್ಯವಹಾರ ನಡೆದೇ ಇತ್ತು. ೧೮೮೮ರಲ್ಲಿ ಹನ್ನೆರಡು ಕ್ಲಬ್ಬುಗಳು ಕೂಡಿ ಲೀಗನ್ನು ಸ್ಥಾಪಿಸಿದವು. ಆಗ ಹೊಸ ಚಿಂತೆ ಹತ್ತಿತು. ಹೆಚ್ಚು ಸಂಬಳ ಕೊಡುವ ದೊಡ್ಡ ಪಟ್ಟಣದ ಕ್ಲಬ್ಬಿಗೆ ಒಳ್ಳೆಯ ಆಟಗಾರರೆಲ್ಲರೂ ಹೊರಟುಹೋದರೆ ಚಿಕ್ಕ ಊರಿನ ಗತಿ ಏನು? ಈ ಚಿಂತೆಯಿಂದಲೇ ೧೮೯೩ರ ಸುಮಾರಿಗೆ ಒಂದು ನಿಯಮ ಬಂದಿತು. ಪ್ರತಿಯೊಬ್ಬ ಆಟಗಾರನ ಹೆಸರೂ ಒಂದು ಕ್ಲಬ್ಬಿನಲ್ಲಿ ನೋಂದಣಿಯಾಗಬೇಕು. ಆ ಕ್ಲಬ್ಬಿನ ಒಪ್ಪಿಗೆಯಿಲ್ಲದೆ ಲೀಗಿನ ಬೇರೆ ಕ್ಲಬ್ಬಿನಲ್ಲಿ ಆತ ಆಡಕೂಡದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅದರಲ್ಲಿ ಒಂದು ಮುಳ್ಳು ಅಡಗಿತ್ತು. ಆಟಗಾರನ ಕರಾರು ಒಂದೇ ವರ್ಷದ್ದು, ನೋಂದಣಿಗೆ ಮಾತ್ರ ಮುಕ್ತಾಯವಿಲ್ಲ. ವರ್ಷ ಮುಗಿದ ಮೇಲೆ ಕ್ಲಬ್ಬು ಆತನನ್ನು ಇಟ್ಟುಕೊಳ್ಳಬಹುದು, ಮಾರಬಹುದು, ಅಥವಾ ಸಂಬಳ ಕೊಡದೆ ಹೆಸರನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಕೆಲಸ ಬಿಟ್ಟರೂ ಬಿಡುಗಡೆಯಿಲ್ಲದ ಕೆಲಸ! ನಮ್ಮಲ್ಲಿಯ ಎಂತಹ ಕಠಿಣ ಮ್ಯಾನೇಜರನೂ ಇಂತಹ ನಿಯಮವನ್ನು ಕನಸಿನಲ್ಲಿ ಕಾಣಲಾರ.

ಇದರ ಮೇಲೆ ಇನ್ನೊಂದು ಕಟ್ಟು. ೧೯೦೧ರಿಂದ ಆಟಗಾರನ ವಾರದ ಸಂಬಳ ನಾಲ್ಕು ಪೌಂಡನ್ನು ಮೀರಕೂಡದೆಂದು ಗೊತ್ತುಪಡಿಸಿದರು. ಆಟಗಾರನ ಕೈಗೆ ಬರುವ ಹಣಕ್ಕೆ ಮಿತಿಯುಂಟು, ಆಟಗಾರನನ್ನು ಮಾರಿ ಕ್ಲಬ್ಬು ಪಡೆಯುವ ಹಣಕ್ಕೆ ಮಿತಿಯಿಲ್ಲ. ಈ ವಿಚಿತ್ರ ಜಮಾಖರ್ಚಿನ ಫಲ ನಾಲ್ಕೇ ವರ್ಷಗಳಲ್ಲಿ ಕಾಣಿಸಿತು.

೧೯೦೫ರ ಫೆಬ್ರುವರಿಯಲ್ಲಿ ಮಿಡಲ್ಸ್‌ಬರೋ ಎಂಬ ಕ್ಲಬ್ಬು ಪಟ್ಟಿಯ ಬುಡಕ್ಕೆ ಬಿದ್ದು ಕೆಳಗಿನ ವರ್ಗಕ್ಕೆ ಇಳಿಯುವ ಭಯದಲ್ಲಿತ್ತು. ಪರ ಊರಿನಲ್ಲಿ ಆಡಿದ ಒಂದು ಪಂದ್ಯವನ್ನೂ ಅದು ಹೆಚ್ಚುಕಡಿಮೆ ಎರಡು ವರ್ಷಗಳಿಂದ ಗೆದ್ದಿರಲಿಲ್ಲ. ಅವರು ನೆರೆಯ ಸಂಡರ್‌ಲ್ಯಾಂಡಿನಿಂದ ಆಲ್ಫ್ ಕಾಮನ್ ಎಂಬ ದಪ್ಪ ದೇಹದ ಆಟಗಾರನನ್ನು ಸಾವಿರ ಪೌಂಡು ತೆತ್ತು ಕೊಂಡರು. ದೇಶದಲ್ಲಿ ಕೋಲಾಹಲವೆದ್ದಿತು. ಮನುಷ್ಯನಿಗೆ ಸಾವಿರ ಪೌಂಡೇ? ಇದು ಆಟವೋ ದನದ ಸಂತೆಯೋ ಎಂದು ಪತ್ರಿಕೆಗಳು ಛೀಮಾರಿ ಹಾಕಿದವು. ಹತ್ತು ದಿನಗಳೊಳಗೆ ಶೆಫೀಲ್ಡ್ ಯುನೈಟೆಡ್ ಊರಿನಲ್ಲಿ ಪಂದ್ಯ ನಡೆದು, ಕಾಮನ್ ಪೆನಾಲ್ಟಿಯಿಂದ ಹೊಡೆದ ಒಂದೇ ಗೋಲಿನಿಂದ ಮಿಡಲ್ಸ್‌ಬರೋ ಗೆದ್ದಿತು. ಆ ವರ್ಷ ಕೆಳಗಿಳಿಯುವ ಗಂಡಾಂತರವೂ ತಪ್ಪಿತು. ಛೀಮಾರಿ ಹಾಕಿದವರು ಸುಮ್ಮನಾದರು ಎಂದು ಬೇರೆ ಹೇಳಬೇಕಾಗಿಲ್ಲ. ಸಾವಿರ ಪೌಂಡಿನಲ್ಲಿ ಕಾಮನ್‌ಗೆ ಸಂದುದು ಮಾತ್ರ ಮೊದಲಿನಂತೆ ವಾರಕ್ಕೆ ನಾಲ್ಕೇ.

ಬೆಲೆ ಏರುವುದನ್ನು ತಡೆಯಲು ೧೯೦೮ರಲ್ಲಿ ಫುಟ್‌ಬಾಲ್ ಸಂಸ್ಥೆಯವರು ಒಂದು ಉಪಾಯ ಹೂಡಿದರು. ಯಾವ ಆಟಗಾರನಿಗೂ ೩೫೦ ಪೌಂಡಿಗಿಂತ ಹೆಚ್ಚು ಕೊಡಕೂಡದು. ಕ್ಲಬ್ಬಿನವರು ಏನು ಮಾಡಿದರೆನ್ನುವಿರಿ? ಬೇಕಾದ ಒಬ್ಬನ ಜೊತೆಗೆ ಬೇಡವಾದ ಇನ್ನಿಬ್ಬರನ್ನೂ 'ಕೊಂಡು', ಮೂವರಿಗೂ ತಲಾ ೩೫೦ ಬರೆದರು. ಲೆಕ್ಕಪತ್ರ ಸರಿಯಾಯಿತು! ನಿಯಮವನ್ನು ಕೆಲವೇ ತಿಂಗಳಲ್ಲಿ ಕೈಬಿಡಬೇಕಾಯಿತು. ವಾಣಿಜ್ಯಶಾಸ್ತ್ರ ಓದಿದ ನಮಗೆ ಇದು ಬಹಳ ಹಿಡಿಸಿದ ಸಂಗತಿ. ಬೆಲೆನಿಯಂತ್ರಣ ಬಂದೊಡನೆ ಅಕ್ಕಿಯ ಜೊತೆಗೆ ಬೇಡದ ಸಾಬೂನನ್ನೂ ಕೊಳ್ಳಲೇಬೇಕೆಂದು ಹಟ ಹಿಡಿಯುವ ಅಂಗಡಿಕಾರ ಎಲ್ಲ ದೇಶದಲ್ಲಿಯೂ ಒಬ್ಬನೇ.

ಆಟಗಾರರು ಸುಮ್ಮನೆ ಕುಳಿತಿದ್ದರೆಂದಲ್ಲ. ೧೯೦೭ರಲ್ಲಿ ಮ್ಯಾಂಚೆಸ್ಟರಿನಲ್ಲಿ ಬಿಲ್ಲಿ ಮೆರೆಡಿತ್ ಮೊದಲಾದವರು ಆಟಗಾರರ ಸಂಘವನ್ನು ಕಟ್ಟಿದರು. ೧೯೦೯ರಲ್ಲಿ ಸಂಘವನ್ನು ಬಿಡಿರೆಂದು ಮೇಲಿನವರು ಅಪ್ಪಣೆ ಮಾಡಿದಾಗ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಆಟಗಾರರು ಬಿಡಲೊಪ್ಪದೆ, 'ಬಹಿಷ್ಕೃತರು' ಎಂದು ಹಲಗೆಯ ಮೇಲೆ ಬರೆದುಕೊಂಡು ಚಿತ್ರ ತೆಗೆಸಿಕೊಂಡರು. ಆದರೆ ೧೯೧೨ರಲ್ಲಿ ಕಿಂಗಬಿ ಎಂಬ ಆಟಗಾರ ಆಸ್ಟನ್ ವಿಲ್ಲಾ ಕ್ಲಬ್ಬಿನ ಮೇಲೆ ಹೂಡಿದ ದಾವೆ ಸೋತುಹೋಗಿ, ಖರ್ಚಿನ ಭಾರದಿಂದ ಸಂಘದ ಬೊಕ್ಕಸವೇ ಬರಿದಾಯಿತು. ಅಲ್ಲಿಂದ ಮುಂದೆ ಬಹುಕಾಲ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವ ಧೈರ್ಯ ಮಾಡಲಿಲ್ಲ. ಬೆಲೆ ಮಾತ್ರ ಏರುತ್ತಲೇ ಇತ್ತು. ೧೯೨೮ರಲ್ಲಿ ಬೋಲ್ಟನಿನ ಡೇವಿಡ್ ಜ್ಯಾಕನನ್ನು ಆರ್ಸೆನಲ್ಲಿನವರು ಹತ್ತು ಸಾವಿರ ಪೌಂಡು ಮೀರಿದ ಹಣಕ್ಕೆ ಕೊಂಡರು. ಮಾತುಕತೆಯ ದಿನ ಆರ್ಸೆನಲ್ಲಿನ ಹರ್ಬರ್ಟ್ ಚಾಪ್ಮನ್ ಹೋಟೆಲಿನ ಮಾಣಿಗೆ ಮೊದಲೇ ಹೇಳಿಟ್ಟು, ತನ್ನ ಲೋಟದಲ್ಲಿ ಮದ್ಯವಿಲ್ಲದ ಪಾನೀಯವನ್ನೂ ಅತಿಥಿಗಳ ಲೋಟದಲ್ಲಿ ಮದ್ಯವನ್ನೂ ಎರಡರಷ್ಟು ಹಾಕಿಸಿದನೆಂಬ ಕಥೆಯನ್ನು ಆ ಕ್ಲಬ್ಬಿನವರೇ ಹೇಳಿಕೊಂಡು ನಗುವುದುಂಟು.

ಇನ್ನು ಅಭಿಮಾನಿಗಳ ಭವಿಷ್ಯವಾಣಿಯ ಸಂಗತಿ. ಊಹಿಸುವುದು ಮನುಷ್ಯಸ್ವಭಾವ, ಊಹೆಗೆ ಹಣ ಕಟ್ಟಿಸಿಕೊಳ್ಳುವುದು ವ್ಯಾಪಾರ. ೧೯೨೩ರಲ್ಲಿ ಮ್ಯಾಂಚೆಸ್ಟರಿನ ಒಂದು ತಂತಿ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಮೂರ್ಸ್ ಮತ್ತು ಆತನ ಇಬ್ಬರು ಗೆಳೆಯರು ಈ ವ್ಯಾಪಾರಕ್ಕೆ ಕೈಹಾಕಿದರು. ನೌಕರರು ಹೊರಗಿನ ದಂಧೆ ಮಾಡಕೂಡದೆಂದು ಕಂಪನಿಯ ನಿಯಮ. ಆದುದರಿಂದ ತಮ್ಮ ಹೆಸರುಗಳನ್ನು ಬಿಟ್ಟು, ಒಬ್ಬ ಗೆಳೆಯನ ಮೊದಲಿನ ಮನೆತನದ ಹೆಸರಾದ ಲಿಟಲ್‌ವುಡ್ ಎಂಬುದನ್ನು ಅಂಗಡಿಗೆ ಇಟ್ಟರು. (ಇದನ್ನು ಓದಿ ನಮ್ಮ ಸಹೋದ್ಯೋಗಿಗಳಾರಿಗೂ ಹೊಸ ಯೋಚನೆ ಬಾರದಿರಲಿ.) ನಾಲ್ಕು ಸಾವಿರ ಚೀಟಿಗಳನ್ನು ಅಚ್ಚುಹಾಕಿಸಿ ಮೈದಾನದ ಹೊರಗೆ ಹಂಚಿದರು. ಶನಿವಾರದ ಪಂದ್ಯಗಳಲ್ಲಿ ಯಾರು ಗೆಲ್ಲುವರೆಂದು ಗುರುತುಮಾಡಿ ಹಣದೊಡನೆ ಕಳುಹಿಸಬೇಕು. ತಿರುಗಿ ಬಂದ ಚೀಟಿಗಳು ಮೂವತ್ತೈದು. ಅಂದಿನ ವಸೂಲಿ ನಾಲ್ಕು ಪೌಂಡು ಏಳು ಶಿಲ್ಲಿಂಗು ಆರು ಪೆನ್ಸು. ಗೆಳೆಯರಿಬ್ಬರೂ ಬೇಸತ್ತು ಬಿಟ್ಟರು, ಮೂರ್ಸ್ ಬಿಡಲಿಲ್ಲ. ಹತ್ತು ವರ್ಷಗಳಲ್ಲಿ ಆತ ಲಕ್ಷಾಧೀಶ.

ಈ ಚೀಟಿಯಾಟಕ್ಕೆ ಪೂಲ್ಸ್ ಎಂದು ಹೆಸರು. ಇಂಗ್ಲೆಂಡಿನ ಕಾರ್ಮಿಕರ ಮನೆಗಳಲ್ಲಿ ಗುರುವಾರ ರಾತ್ರಿ ಅಪ್ಪ ಪೆನ್ಸಿಲು ಹಿಡಿದು ಕುಳಿತರೆ ಮಕ್ಕಳು ಸದ್ದು ಮಾಡಕೂಡದು. ೧೯೩೬ರಲ್ಲಿ ಲೀಗಿನವರಿಗೆ ಈ ಜೂಜಿನ ಮೇಲೆ ರೋಷ ಬಂದು, ಯಾವ ಶನಿವಾರ ಯಾರು ಯಾರೊಡನೆ ಆಡುವರೆಂಬುದನ್ನೇ ಮುಚ್ಚಿಟ್ಟರು. ಪಂದ್ಯ ಯಾವುದೆಂದು ತಿಳಿಯದಿದ್ದರೆ ಊಹಿಸುವುದು ಹೇಗೆ ಎಂಬ ತರ್ಕ. ಪರಿಣಾಮವಾಗಿ ಆಟ ನೋಡುವವರೂ ಮೈದಾನಕ್ಕೆ ಬಾರದಾದರು. ಎರಡೇ ಶನಿವಾರಗಳಲ್ಲಿ ಲೀಗು ಸೋಲೊಪ್ಪಿತು. ಆಮೇಲೆ ೧೯೪೯ರಿಂದ ಇಂಗ್ಲೆಂಡಿನ ಬೇಸಗೆಯ ಬಿಡುವಿನಲ್ಲಿ ಆಸ್ಟ್ರೇಲಿಯದ ಪಂದ್ಯಗಳನ್ನು ಚೀಟಿಯಲ್ಲಿ ಅಚ್ಚುಹಾಕಿದರು. ಮೆಲ್ಬೋರ್ನಿನ ಯಾವುದೋ ಬಡಾವಣೆಯ ತಂಡ ಗೆಲ್ಲುವುದೋ ಸೋಲುವುದೋ ಎಂದು ಲಿವರ್‌ಪೂಲಿನ ಬಂದರುಗೂಲಿ ತಲೆ ಕೆರೆದುಕೊಳ್ಳುತ್ತಿದ್ದ. ಕುಂದಾಪುರದ ನಮ್ಮ ಹುಡುಗನನ್ನು ನೋಡಿ ನಗುವವರು ಈ ಕೂಲಿಯನ್ನು ನೆನೆಯಬೇಕು.

ಇದೆಲ್ಲ ನಡೆಯುತ್ತಿರುವಾಗ ಆಟಗಾರನ ಪಾಡು ಏನಿತ್ತೆಂಬುದಕ್ಕೆ ಟಾಮ್ ಫಿನ್ನಿಯ ಸಂಗತಿಯೊಂದೇ ಸಾಕು. ಪ್ರೆಸ್ಟನ್ ಊರಿನವನು, ಕಸಬಿನಿಂದ ನಲ್ಲಿ ರಿಪೇರಿಯವನು, ಆಟದಲ್ಲಿ ಆ ಕಾಲದ ಇಂಗ್ಲೆಂಡಿನ ಅತ್ಯುತ್ತಮರಲ್ಲಿ ಒಬ್ಬನು. ೧೯೫೨ರಲ್ಲಿ ಇಟಲಿಯ ಪಲೇರ್ಮೋ ಕ್ಲಬ್ಬಿನ ಒಡೆಯನಾದ ರಾಜಕುಮಾರನೊಬ್ಬನು ಆತನಿಗೆ ಸಹಿ ಹಾಕಿದ್ದಕ್ಕೆ ಹತ್ತು ಸಾವಿರ ಪೌಂಡು, ತಿಂಗಳಿಗೆ ೧೩೦ ಪೌಂಡು, ಇರಲು ಬಂಗಲೆ, ಓಡಾಡಲು ಕಾರು ಕೊಡುವೆನೆಂದನು. ಪ್ರೆಸ್ಟನ್ನಿನ ಅಧ್ಯಕ್ಷರು ಅದನ್ನು ಕಿವಿಗೂ ಹಾಕಿಕೊಳ್ಳಲಿಲ್ಲ. ನೋಂದಣಿ ಅವರ ಪೆಟ್ಟಿಗೆಯಲ್ಲಿತ್ತು. ಫಿನ್ನಿ ಮರುದಿನದಿಂದ ಎಂದಿನಂತೆ ಅಭ್ಯಾಸಕ್ಕೆ ಹೋದ, ಸಂಜೆ ನಲ್ಲಿ ರಿಪೇರಿಗೆ ಹೋದ. ೧೯೬೦ರಲ್ಲಿ ಆಟ ಬಿಡುವವರೆಗೆ ಆತ ಬೇರೆ ಕ್ಲಬ್ಬಿಗಾಗಿ ಲೀಗಿನಲ್ಲಿ ಆಡಲಿಲ್ಲ. ಅಭಿಮಾನಿಗಳು ಇದನ್ನು ನಿಷ್ಠೆಯೆಂದು ಹೊಗಳಿದರು. ನಿಷ್ಠೆಯೇ ಇರಬಹುದು. ಆದರೆ ಹೋಗಲು ಬಿಡದವನನ್ನು ಹೋಗಲಿಲ್ಲವೆಂದು ಹೊಗಳುವುದರಲ್ಲಿ ಏನೋ ಒಂದು ಕೊರತೆ ನಮಗೆ ಕಾಣುತ್ತದೆ.

ಕಟ್ಟು ಸಡಿಲಾದುದು ಮುಂದಿನ ಹತ್ತು ವರ್ಷಗಳಲ್ಲಿ. ಸಂಬಳದ ಮಿತಿ ೧೯೫೮ರ ಹೊತ್ತಿಗೆ ವಾರಕ್ಕೆ ಇಪ್ಪತ್ತು ಪೌಂಡಿಗೆ ಬಂದು ನಿಂತಿತ್ತು. ಆಟಗಾರರ ಸಂಘದ ಅಧ್ಯಕ್ಷ ಜಿಮ್ಮಿ ಹಿಲ್ ಮುಷ್ಕರದ ಸಿದ್ಧತೆ ಮಾಡಿದಾಗ, ೧೯೬೧ರ ಜನವರಿಯಲ್ಲಿ ಆ ಮಿತಿ ಬಿದ್ದುಹೋಯಿತು. ಫುಲ್ಹಾಮಿನ ಜಾನಿ ಹೇನ್ಸ್ ವಾರಕ್ಕೆ ನೂರು ಪೌಂಡಿನ ಆಟಗಾರನಾದ. ಉಳಿದಿದ್ದುದು ನೋಂದಣಿಯ ಬೀಗ. ಅದನ್ನು ಮುರಿದವನು ಜಾರ್ಜ್ ಈಸ್ಟ್‌ಹ್ಯಾಮ್. ಆತ ನ್ಯೂಕ್ಯಾಸಲ್ ಕ್ಲಬ್ಬನ್ನು ಬಿಡಬೇಕೆಂದ, ಕ್ಲಬ್ಬು ಬಿಡೆನೆಂದಿತು. ಕರಾರು ಮುಗಿದಿತ್ತು. ಆತ ಆಟವನ್ನೇ ನಿಲ್ಲಿಸಿ, ದಕ್ಷಿಣಕ್ಕೆ ಹೋಗಿ, ಒಬ್ಬ ಪರಿಚಿತರ ಕಂಪನಿಯಲ್ಲಿ ಬಿರಡೆಯ ತೊಗಟೆ ಮಾರುವ ಕೆಲಸಕ್ಕೆ ಸೇರಿಕೊಂಡ. ಕೆಲವು ತಿಂಗಳ ಬಳಿಕ, ೧೯೬೦ರಲ್ಲಿ, ನ್ಯೂಕ್ಯಾಸಲ್ಲಿನವರು ಮಣಿದು ಆತನನ್ನು ೪೭,೫೦೦ ಪೌಂಡಿಗೆ ಆರ್ಸೆನಲ್ಲಿಗೆ ಮಾರಿದರು. ಬೇರೆಯವನಾಗಿದ್ದರೆ ತನ್ನ ಕೆಲಸವಾಯಿತೆಂದು ಸುಮ್ಮನಾಗುತ್ತಿದ್ದ. ಈಸ್ಟ್‌ಹ್ಯಾಮ್ ಸಂಘದ ಬೆಂಬಲದಿಂದ ದಾವೆಯನ್ನು ಮುಂದುವರಿಸಿದ. ೧೯೬೩ರ ಜುಲೈಯಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸರು, ಕರಾರು ಮುಗಿದ ಆಟಗಾರನನ್ನು ಹಿಡಿದಿಟ್ಟುಕೊಳ್ಳುವ ಈ ಪದ್ಧತಿ ಒಬ್ಬನ ಕಸಬಿನ ಮೇಲೆ ಹೇರಿದ ನ್ಯಾಯವಲ್ಲದ ನಿರ್ಬಂಧವೆಂದು ತೀರ್ಪು ಕೊಟ್ಟರು. ಎಪ್ಪತ್ತು ವರ್ಷಗಳೆಂದು ಮೇಲೆ ಹೇಳಿದುದು ಈ ಲೆಕ್ಕದಿಂದ.

ಅದೇ ೧೯೬೩ರ ಆರಂಭದಲ್ಲಿ ಇನ್ನೊಂದು ವಿನೋದ ನಡೆಯಿತು. ಆ ಚಳಿಗಾಲ ಇಂಗ್ಲೆಂಡಿನಲ್ಲಿ ಹಿಮ ಬಿದ್ದು ನೆಲ ಕಲ್ಲಾಯಿತು. ಎಫ್.ಎ. ಕಪ್ಪಿನ ಮೂರನೆಯ ಸುತ್ತು ಮುಗಿಯಲು ಅರವತ್ತಾರು ದಿನ ಹಿಡಿಯಿತು. ಪಂದ್ಯಗಳಿಲ್ಲದೆ ಪೂಲ್ಸಿನವರ ವ್ಯಾಪಾರ ನಿಂತಿತು. ಆಗ ಅವರು ಹಳೆಯ ಆಟಗಾರರನ್ನು ಒಂದು ಕೋಣೆಯಲ್ಲಿ ಕೂಡಿಸಿ, ನಡೆಯದ ಪಂದ್ಯಗಳು ನಡೆದಿದ್ದರೆ ಯಾರು ಗೆಲ್ಲುತ್ತಿದ್ದರೆಂದು ತೀರ್ಮಾನಿಸಹೇಳಿದರು! ಜನವರಿ ೨೬ರಂದು ಅವರು ಮೂವತ್ತೆಂಟು ಪಂದ್ಯಗಳ ಫಲಿತಾಂಶವನ್ನು ಗಂಭೀರವಾಗಿ ಘೋಷಿಸಿದರು. ಜನ ಅದರ ಮೇಲೆ ಹಣವನ್ನೂ ಗೆದ್ದರು. ಆ ಪಂಚಾಯಿತಿಯಲ್ಲಿ ಕುಳಿತವರಲ್ಲಿ ಒಬ್ಬನು ನಮ್ಮ ಪರಿಚಯದ ಟಾಮ್ ಫಿನ್ನಿ. ತನ್ನ ಆಟವನ್ನು ಎಲ್ಲಿ ಆಡಬೇಕೆಂದು ತೀರ್ಮಾನಿಸುವ ಅಧಿಕಾರ ಇಲ್ಲದಿದ್ದವನಿಗೆ ಆಡದ ಆಟದ ಫಲವನ್ನು ತೀರ್ಮಾನಿಸುವ ಅಧಿಕಾರ ದೊರಕಿತು.

ಮುಂದಿನ ಕಥೆಯನ್ನು ನಮ್ಮ ಹುಡುಗರು ನಮಗಿಂತ ಚೆನ್ನಾಗಿ ಬಲ್ಲರು. ೧೯೭೯ರಲ್ಲಿ ಟ್ರೆವರ್ ಫ್ರಾನ್ಸಿಸನಿಗೆ ಹತ್ತು ಲಕ್ಷ ಪೌಂಡು. ೧೯೯೫ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ, ಬೆಲ್ಜಿಯಮ್ಮಿನ ಬೊಸ್ಮನ್ ಎಂಬ ಸಾಧಾರಣ ಆಟಗಾರನ ದಾವೆಯಲ್ಲಿ, ಕರಾರು ಮುಗಿದ ಮೇಲೆ ಬೆಲೆ ಕೇಳುವ ಹಕ್ಕೇ ಕ್ಲಬ್ಬಿಗಿಲ್ಲವೆಂದಿತು. ಆತನ ಕ್ಲಬ್ಬು ಆತನ ಸಂಬಳವನ್ನು ಕಾಲುಭಾಗಕ್ಕೆ ಇಳಿಸಿ, ಬಿಡುಗಡೆಯನ್ನೂ ಕೊಡದೆ ಕಾಡಿತ್ತು. ಆ ತೀರ್ಪಿನಿಂದ ದೊಡ್ಡ ಆಟಗಾರರೆಲ್ಲರೂ ಕುಬೇರರಾದರು, ಬೊಸ್ಮನ್ ಬಡತನದಲ್ಲಿಯೇ ಉಳಿದ. ೨೦೧೭ರಲ್ಲಿ ಬ್ರೆಜಿಲಿನ ನೇಮಾರನಿಗೆ ಪ್ಯಾರಿಸಿನ ಕ್ಲಬ್ಬು ತೆತ್ತುದು ಇಪ್ಪತ್ತೆರಡು ಕೋಟಿ ಇಪ್ಪತ್ತು ಲಕ್ಷ ಯೂರೋ.

ಬಿ.ಕಾಂ. ಓದಿದ ತಪ್ಪಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಕೊಂಡ ಆಟಗಾರನ ಬೆಲೆಯನ್ನು ಕ್ಲಬ್ಬಿನ ಲೆಕ್ಕದಲ್ಲಿ ಆಸ್ತಿಯೆಂದು ಬರೆದು, ಆತನ ಕರಾರಿನ ವರ್ಷಗಳಿಗೆ ಹಂಚಿ ಪ್ರತಿವರ್ಷ ಅಷ್ಟಷ್ಟು ಕಳೆಯುವರು. ಐದು ವರ್ಷದ ಕರಾರಿಗೆ ಐದು ಕೋಟಿ ತೆತ್ತರೆ ವರ್ಷಕ್ಕೆ ಒಂದು ಕೋಟಿ ಖರ್ಚು. ಇದನ್ನು ತಿಳಿದ ಕೆಲವು ಜಾಣರು ಎಂಟು ವರ್ಷದ ಕರಾರು ಮಾಡಿ ಖರ್ಚನ್ನು ತೆಳ್ಳಗೆ ಹರಡತೊಡಗಿದಾಗ, ೨೦೨೩ರಲ್ಲಿ ಯುರೋಪಿನ ಸಂಸ್ಥೆಯವರು ತಮ್ಮ ಲೆಕ್ಕಕ್ಕೆ ಐದೇ ವರ್ಷವೆಂದು ಕಟ್ಟುಮಾಡಿದರು. ಆದರೆ ಬಾಲ್ಯದಿಂದ ತಾವೇ ಬೆಳೆಸಿದ ಹುಡುಗನಿಗೆ ಈ ಪುಸ್ತಕದಲ್ಲಿ ಬೆಲೆ ಬರೆಯುವಂತಿಲ್ಲ, ಏಕೆಂದರೆ ಆತನನ್ನು ಯಾರಿಂದಲೂ ಕೊಂಡಿಲ್ಲ. ಮನೆಯ ಮಗನ ಬೆಲೆ ಸೊನ್ನೆ! ಬೆಲೆಗೂ ಯೋಗ್ಯತೆಗೂ ಇರುವ ಅಂತರವನ್ನು ೨೦೧೬ರಲ್ಲಿ ಲೆಸ್ಟರ್ ತಂಡ ತೋರಿಸಿತು. ಹಂಗಾಮಿನ ಆರಂಭದಲ್ಲಿ ಅದು ಪ್ರಥಮ ಬರುವುದೆಂದರೆ ಒಂದಕ್ಕೆ ಐದು ಸಾವಿರ ಕೊಡುವೆವೆಂದು ಜೂಜಿನವರು ನಕ್ಕಿದ್ದರು. ಐದು ಲಕ್ಷ ಪೌಂಡೂ ಮುಟ್ಟದ ಬೆಲೆಗೆ ಬಂದಿದ್ದ ಮಾಹ್ರೆಜ್, ಕೆಳವರ್ಗದ ಕ್ಲಬ್ಬಿನಿಂದ ಬಂದಿದ್ದ ವಾರ್ಡಿ, ಇಂಥವರು ಕೂಡಿ ಪ್ರಶಸ್ತಿ ಗೆದ್ದರು. ಆ ವರ್ಷ ಊಟದ ವೇಳೆಯ ಪಂಡಿತರಲ್ಲಿ ಒಬ್ಬರ ಪಟ್ಟಿಯೂ ಸರಿಬರಲಿಲ್ಲ. ಮರುವರ್ಷವೂ ಪಟ್ಟಿ ಬರೆಯುವುದನ್ನು ಅವರು ಬಿಡಲಿಲ್ಲ, ಅದು ಬೇರೆ ಮಾತು.

ಇಷ್ಟನ್ನು ಓದಿದ ಮೇಲೆ ನಮ್ಮ ನಾಡಿನವರ ಸಂಗತಿ ಏನೆಂದು ವಾಚಕರು ಕೇಳುವುದು ಸಹಜ. ಅದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಮುಂಬಯಿಯ ಕೂಪರೇಜ್ ಮೈದಾನಕ್ಕೆ ಹೋದರೆ ಸಾಕು. ಅಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ೧೮೯೧ರಲ್ಲಿ ಆರಂಭವಾದುದು. ನಲವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಗೋರಾ ಪಲ್ಟನ್ನುಗಳೇ ಅದನ್ನು ಗೆಲ್ಲುತ್ತ ಬಂದವು. ೧೯೩೭ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಯಾವುದು? ಕಲಕತ್ತೆಯದಲ್ಲ, ಮುಂಬಯಿಯದೂ ಅಲ್ಲ. ಬೆಂಗಳೂರು ಮುಸ್ಲಿಮ್ಸ್! ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದುದು, ೧೯೩೪ರಿಂದ ಕಲಕತ್ತೆಯ ಲೀಗನ್ನು ಯಾರಿಗೂ ಬಿಟ್ಟುಕೊಡದಿದ್ದ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಮರುವರ್ಷ ಪಲ್ಟನ್ನನ್ನು ಸೋಲಿಸಿ ಮತ್ತೆ ಗೆದ್ದರು. ಈ ಸಂಗತಿಯನ್ನು ಮುಂಬಯಿ ಕನ್ನಡಿಗರೇ ಮರೆತಿರುವುದು ಸೋಜಿಗ.

ಬೆಂಗಳೂರಿನ ದಂಡಿನ ಪ್ರದೇಶದಲ್ಲಿ, ಅಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನುಗಳ ಓಣಿಗಳಲ್ಲಿ, ಸೋಜರರ ಆಟ ನೋಡಿ ಬರಿಗಾಲಿನಲ್ಲಿ ಕಲಿತ ಹುಡುಗರು ಇವರು. ಮನೆಯಲ್ಲಿ ತಮಿಳು, ಉರ್ದು, ಬೀದಿಯಲ್ಲಿ ಕನ್ನಡ. ಇಂದಿಗೂ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯುಂಟು. ಅವರ ಆಟಕ್ಕೆ ಸಂಬಳ ಕೊಡುವವರು ಆಗ ಕಲಕತ್ತೆಯಲ್ಲಿದ್ದರು. ಮಹಮ್ಮಡನ್ನಿನವರು ೧೯೩೦ರ ದಶಕದಲ್ಲಿಯೇ ಬೆಂಗಳೂರಿನಿಂದ ಆಟಗಾರರನ್ನು ಕರೆಸಿಕೊಂಡರು, ಆಮೇಲೆ ಈಸ್ಟ್ ಬೆಂಗಾಲಿನವರೂ ಮೋಹನ ಬಗಾನಿನವರೂ ಅದೇ ದಾರಿ ಹಿಡಿದರು. ಹೆಸರಿಗೆ ಎಲ್ಲರೂ ಹವ್ಯಾಸಿಗಳು. ಹಣ ಲಕೋಟೆಯಲ್ಲಿ ಬರುತ್ತಿತ್ತು.

೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ ೨-೧ರಿಂದ ಸೋತೆವು. ಆ ಒಂದು ಗೋಲು ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ೧೯೪೯ರಲ್ಲಿ ಈಸ್ಟ್ ಬೆಂಗಾಲಿಗೆ ಹೋದ. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ, ಈ ಐವರ ಮುಂಚೂಣಿಗೆ ವಂಗದ ಜನ ಪಂಚಪಾಂಡವರೆಂದು ಹೆಸರಿಟ್ಟರು. ಐವರಲ್ಲಿ ಒಬ್ಬನೂ ವಂಗದವನಲ್ಲ! ೧೯೪೯ರಿಂದ ೧೯೫೧ರವರೆಗೆ ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡನ್ನು ಗೆದ್ದುಕೊಟ್ಟರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಆಡುತ್ತಿದ್ದ ಅಹಮದ್ ಖಾನನನ್ನು ಹಾವಾಡಿಗನೆಂದು ಕರೆದರು. ದೇಶ ಇಬ್ಭಾಗವಾಗಿ ಮನೆಮಠ ಕಳೆದುಕೊಂಡು ಕಲಕತ್ತೆಗೆ ಬಂದಿದ್ದ ಪೂರ್ವವಂಗದ ಲಕ್ಷಾಂತರ ನಿರಾಶ್ರಿತರಿಗೆ ಆ ಕ್ಲಬ್ಬೇ ಊರು. ಅವರ ಊರಿನ ಮಾನ ಉಳಿಸಿದವರು, ತಮ್ಮ ಊರು ಬಿಟ್ಟು ಹೊಟ್ಟೆಪಾಡಿಗೆ ಬಂದ ದಕ್ಷಿಣದ ಹುಡುಗರು. ಈಸ್ಟ್ ಬೆಂಗಾಲ್ ಗೆದ್ದ ದಿನ ಪೇಟೆಯಲ್ಲಿ ಹಿಲ್ಸಾ ಮೀನಿನ ಬೆಲೆ ಏರುವುದೆಂದೂ ಮೋಹನ ಬಗಾನ್ ಗೆದ್ದರೆ ಸಿಗಡಿಯದು ಏರುವುದೆಂದೂ ಕಲಕತ್ತೆಯವರು ಹೇಳುವರು. ಆ ಮೀನನ್ನು ಅಹಮದ್ ಖಾನ್ ತಿಂದನೋ ಇಲ್ಲವೋ!

ಕಲಕತ್ತೆಯ ಆಟಗಾರರ ವರ್ಗಾವಣೆಗೆ 'ದಲ್ ಬದಲ್' ಎಂದು ಹೆಸರು. ಪಕ್ಷಾಂತರವೆಂದರೂ ಸರಿಯೇ. ಆ ಹಂಗಾಮು ಬಂದಿತೆಂದರೆ ಮೈದಾನದ ಡೇರೆಗಳ ಮುಂದೆ ಜನಜಾತ್ರೆ. ಎದುರಾಳಿ ಕ್ಲಬ್ಬಿನವರು ಸೆಳೆದುಕೊಂಡಾರೆಂದು ಆಟಗಾರನನ್ನು ಸಹಿ ಹಾಕುವವರೆಗೆ ಯಾವುದೋ ಅಭಿಮಾನಿಯ ಮನೆಯಲ್ಲಿ ಬಚ್ಚಿಟ್ಟು, ಮದುಮಗನಂತೆ ಉಪಚರಿಸಿ, ಕಾವಲಿನೊಡನೆ ಸಂಸ್ಥೆಯ ಕಚೇರಿಗೆ ಕರೆತರುವ ಪದ್ಧತಿ ಬಹುಕಾಲ ನಡೆಯಿತು. ೧೯೮೫ರಲ್ಲಿ ಕೃಶಾನು ದೇ, ವಿಕಾಸ ಪಾಂಜಿ ಎಂಬ ಜೋಡಿ ಮೋಹನ ಬಗಾನನ್ನು ಬಿಟ್ಟು ಈಸ್ಟ್ ಬೆಂಗಾಲಿಗೆ ಹೋದಾಗಿನ ಗದ್ದಲವನ್ನು ಅಲ್ಲಿಯ ಹಿರಿಯರು ಇಂದಿಗೂ ವರ್ಣಿಸುವರು. ಇಂಗ್ಲೆಂಡಿನಲ್ಲಿ ಕ್ಲಬ್ಬು ಬಿಡಗೊಡದೆ ಕಾಡಿತು, ಕಲಕತ್ತೆಯಲ್ಲಿ ಅಭಿಮಾನಿ ಪ್ರೀತಿಯಿಂದ ಕಾಡಿದ. ಎರಡರಲ್ಲಿ ಆಟಗಾರನಿಗೆ ಯಾವುದು ಹಗುರವೋ ಅವನೇ ಹೇಳಬೇಕು.

ಇನ್ನೊಂದು ಬಗೆಯ ಆಟಗಾರರೂ ನಮ್ಮ ದೇಶದಲ್ಲಿದ್ದರು. ಪಿ.ಕೆ. ಬ್ಯಾನರ್ಜಿಯವರು ಅಷ್ಟು ದೊಡ್ಡ ಆಟಗಾರರಾಗಿಯೂ ದೊಡ್ಡ ಕ್ಲಬ್ಬುಗಳ ಕರೆಗೆ ಓಗೊಡದೆ ಈಸ್ಟರ್ನ್ ರೈಲ್ವೆಯಲ್ಲಿಯೇ ಉಳಿದರು. ೧೯೫೮ರಲ್ಲಿ ಆ ರೈಲ್ವೆ ತಂಡ ಕಲಕತ್ತೆಯ ಲೀಗನ್ನೇ ಗೆದ್ದಿತು. ರೈಲ್ವೆಯ ಕೆಲಸವೆಂದರೆ ಮೊಣಕಾಲು ಮುರಿದ ಮೇಲೆಯೂ ಬರುವ ಸಂಬಳ, ಮುಪ್ಪಿನಲ್ಲಿ ಪಿಂಚಣಿ. ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳು, ಈ ನಮ್ಮ ಮುಂಬಯಿಯಲ್ಲಿ ಗಿರಣಿಗಳು, ಟಾಟಾದವರು, ಬ್ಯಾಂಕುಗಳು ಹೀಗೆಯೇ ಆಟಗಾರರನ್ನು ನೌಕರಿಗೆ ಸೇರಿಸಿಕೊಂಡವು. ಬೆಳಿಗ್ಗೆ ಹಾಜರಿ ಹಾಕಿ ಮಧ್ಯಾಹ್ನ ಮೈದಾನಕ್ಕೆ ಹೋಗುವ ಗುಮಾಸ್ತನನ್ನು ಕಂಡು ಉಳಿದವರು ಹೊಟ್ಟೆಕಿಚ್ಚು ಪಟ್ಟದ್ದುಂಟು. ಆತ ಮೂವತ್ತೈದರಲ್ಲಿ ಆಟ ನಿಲ್ಲಿಸಿ ಕೌಂಟರಿನ ಮುಂದೆ ಕುಳಿತಾಗ ಕೆಲಸ ಬಾರದೆಂದು ಹಾಸ್ಯ ಮಾಡಿದ್ದೂ 
ಉಂಟು. ಯೋಚಿಸಿದರೆ, ಇಂಗ್ಲೆಂಡಿನ ಆಟಗಾರನಿಗೆ ಆ ಕಾಲದಲ್ಲಿ ಇಲ್ಲದಿದ್ದ ಒಂದು ನೆಮ್ಮದಿ ನಮ್ಮ ಈ ಬಡ ಗುಮಾಸ್ತ ಆಟಗಾರನಿಗೆ ಇತ್ತು.

ಬೆಂಗಳೂರಿನ ಕೆಂಪಯ್ಯ ೧೯೫೬ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತದ ತಂಡದಲ್ಲಿದ್ದವನು. ಆತನೂ ಆಮೇಲೆ ಮೋಹನ ಬಗಾನಿಗೆ ಹೋದ. ಅರುಮೈನಾಯಗಮ್ ಕೂಡ ಹಾಗೆಯೇ. ೧೯೬೨ರಲ್ಲಿ ಜಕಾರ್ತದಲ್ಲಿ ಚಿನ್ನ ಗೆದ್ದ ತಂಡದವನು. ಮೈಸೂರು ಸಂಸ್ಥಾನದ ತಂಡ ೧೯೪೬-೪೭ರಲ್ಲಿಯೂ ೧೯೫೨-೫೩ರಲ್ಲಿಯೂ ಸಂತೋಷ್ ಟ್ರೋಫಿಯನ್ನು ಗೆದ್ದಾಗ ಎರಡು ಸಲವೂ ಸೋತವರು ವಂಗದವರು. ೧೯೬೭-೬೮, ೧೯೬೮-೬೯ರಲ್ಲಿ ಮತ್ತೆರಡು ಸಲ ಗೆದ್ದರು. ಆಮೇಲೆ ದೀರ್ಘ ಮೌನ.

ಕೊನೆಗೆ ಈಚಿನ ಎರಡು ಸಂಗತಿಗಳು. ೨೦೧೫ರ ಜುಲೈಯಲ್ಲಿ ಇದೇ ಮುಂಬಯಿಯಲ್ಲಿ ಇಂಡಿಯನ್ ಸೂಪರ್ ಲೀಗಿನ ಹರಾಜು ನಡೆದು, ಆಗ ಬೆಂಗಳೂರು ಎಫ್.ಸಿ.ಯ ನಾಯಕನಾಗಿದ್ದ ಸುನೀಲ್ ಛೇತ್ರಿಯನ್ನು ಮುಂಬಯಿ ತಂಡದವರು ಒಂದು ಕೋಟಿ ಇಪ್ಪತ್ತು ಲಕ್ಷ ರೂಪಾಯಿಗೆ ಕೂಗಿ ಕೊಂಡರು. ಆಗ ಬೆಂಗಳೂರು ಇದ್ದುದು ಬೇರೆ ಲೀಗಿನಲ್ಲಿ. ಹೀಗಾಗಿ ಒಂದೇ ವರ್ಷದಲ್ಲಿ ಆತ ಅಲ್ಲಿಗೂ ಆಡಿದ, ಇಲ್ಲಿಗೂ ಆಡಿದ. ಆ ಕೆಲವು ತಿಂಗಳು ಇಲ್ಲಿಯ ಕನ್ನಡ ಹುಡುಗರಿಗೆ ಯಾರ ಪಕ್ಷ ಹಿಡಿಯುವುದೆಂಬ ತೊಡಕೇ ಇರಲಿಲ್ಲ. ೨೦೧೭ರಲ್ಲಿ ಬೆಂಗಳೂರು ತಂಡವೂ ಅದೇ ಲೀಗಿಗೆ ಸೇರಿದ ಮೇಲೆ ತೊಡಕು ಬಂದಿತು. ಹುಟ್ಟಿದ ಊರೋ, ಅನ್ನ ಕೊಟ್ಟ ಊರೋ? ನಮ್ಮ ಊಟದ ಮೇಜು ಅಂದಿನಿಂದ ಎರಡು ಭಾಗ.

ಇನ್ನೊಂದು, ೨೦೨೩ರ ಮಾರ್ಚ್ ೪. ಸೌದಿ ಅರೇಬಿಯದ ರಿಯಾದ್ ಪಟ್ಟಣದಲ್ಲಿ ಕರ್ನಾಟಕದ ತಂಡ ಮೇಘಾಲಯವನ್ನು ೩-೨ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಅಂದು ಶನಿವಾರ. ಸೋಮವಾರ ಊಟದ ವೇಳೆಗೆ ನಮ್ಮ ಹುಡುಗರು ಆ ತಂಡದಲ್ಲಿ ಯಾರನ್ನು ಯಾವ ಕ್ಲಬ್ಬು ಕೊಂಡೊಯ್ಯುವುದೆಂದು ಪಟ್ಟಿ ಬರೆಯತೊಡಗಿದ್ದರು.